ಕಾರು ಕೈ ಬದಲಾಯ್ತು, ಕಂಪನಿಯ ಪತ್ರ ಮಾತ್ರ ಹಳೇ ಮನೆಗೇ ಹೋಯ್ತು! ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ನೋಡದೇ ಬಿಡುವ 17 ಅಕ್ಷರ

ತಿಪಟೂರು: 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ. 18ಕ್ಕೆ ಇಳಿಯಿತು. ಮಾರುತಿ ಎಸ್-ಪ್ರೆಸ್ಸೋದಂಥ ಕಾರಿನ ಶೋರೂಂ ಬೆಲೆ ಮೂರೂವರೆ ಲಕ್ಷದ ಹತ್ತಿರಕ್ಕೆ ಬಂತು. ಹೊಸದರ ರೇಟು ಬಿದ್ದ ಮೇಲೆ ಹಳೇದನ್ನ ಅದೇ ರೇಟಿಗೆ ಯಾರು ಕೇಳ್ತಾರೆ? ಅದೂ ಇಳಿಯಲೇಬೇಕು. ದೊಡ್ಡ ಊರಿನಲ್ಲಿ ಎಕ್ಸ್‌ಚೇಂಜ್‌ಗೆ ಬಿಟ್ಟ ಕಾರು ಒಬ್ಬ ಬ್ರೋಕರ್ ಕೈಯಿಂದ ಇನ್ನೊಬ್ಬನ ಕೈಗೆ, ಅಲ್ಲಿಂದ ತಾಲೂಕು ಊರಿಗೆ ಬರುತ್ತೆ. ಬಿ.ಎಚ್. ರಸ್ತೆ ಪಕ್ಕ ಸ್ವಲ್ಪ ಹೊತ್ತು ನಿಂತು ನೋಡಿದರೆ ಸಾಕು, ನಮ್ಮ ಕೆಎ 44ರ ನಡುವೆ ಕೆಎ 02, ಕೆಎ 04, ಕೆಎ 05, ಕೆಎ 41 ಬೋರ್ಡುಗಳು ಎಷ್ಟು ಅಂತ ಗೊತ್ತಾಗುತ್ತೆ. ಕೊಬ್ಬರಿಗೆ ಒಳ್ಳೇ ರೇಟು ಸಿಕ್ಕ ವರ್ಷ ಆದರಂತೂ ಕೇಳೋದೇ ಬೇಡ.

ಇಂಥ ಕಾರು ಕೊಳ್ಳುವಾಗ ನಮ್ಮ ಕಡೆ ಒಂದು ಪದ್ಧತಿ ಇದೆ. ಪರಿಚಯದ ಮೆಕ್ಯಾನಿಕ್‌ನ ಜೊತೆಗೆ ಕರ್ಕೊಂಡು ಹೋಗೋದು. ಬ್ರೋಕರ್ "ಅಣ್ಣಾ, ಸೌಂಡ್ ಕೇಳು, ಬೆಣ್ಣೆ ಇದ್ದಂಗೈತೆ" ಅಂತಾನೆ. ಮೆಕ್ಯಾನಿಕ್ ಬಾನೆಟ್ ಎತ್ತಿ, ಆಯಿಲ್ ಕಡ್ಡಿ ಎಳೆದು, ಸೈಲೆನ್ಸರ್ ಹೊಗೆ ನೋಡಿ, ಒಂದು ರೌಂಡ್ ಓಡಿಸಿ "ಪರವಾಗಿಲ್ಲ, ತಗೊಳ್ಳಿ" ಅಂತಾನೆ. ಅಷ್ಟಕ್ಕೆ ಅಡ್ವಾನ್ಸ್ ಕೈ ಬದಲಾಗುತ್ತೆ.

ಈ ಪದ್ಧತಿಯನ್ನ ಕಡಿಮೆ ಅಂದಾಜು ಮಾಡೋ ಹಾಗಿಲ್ಲ. ತಾಲೂಕಿನ ಮೆಕ್ಯಾನಿಕ್‌ಗಳ ಕಣ್ಣು, ಕಿವಿ ಬಹಳ ಚುರುಕು. ಕೂಲೆಂಟ್ ಬದಲು ಬೋರ್‌ವೆಲ್ ನೀರು ತುಂಬಿ ತುಂಬಿ ರೇಡಿಯೇಟರ್ ಒಳಗೆ ಸುಣ್ಣ ಕಟ್ಟಿದ್ದು, ಹಳ್ಳಿ ರಸ್ತೆಯಲ್ಲಿ ಸಸ್ಪೆನ್ಷನ್ ಬುಷ್ ಹೋಗಿದ್ದು, ಕ್ಲಚ್ ಪ್ಲೇಟ್ ತೇದಿದ್ದು, ಡಿಕ್ಕಿಯ ಕಾರ್ಪೆಟ್ ಎತ್ತಿದರೆ ಮಣ್ಣಿನ ವಾಸನೆ ಬಂದು ಪ್ರವಾಹದ ನೀರು ಕುಡಿದ ಕಾರು ಅಂತ ಗೊತ್ತಾಗೋದು, ಇವೆಲ್ಲ ಅವರಿಗೆ ಕಂಡೇ ಕಾಣುತ್ತೆ. ಆದರೆ ಅವರ ಕಣ್ಣಿಗೂ ಕಾಣದ ಒಂದು ಜಾತಿಯ ದೋಷ ಇದೆ. ಅದು ಕಾರ್ಖಾನೆಯಲ್ಲೇ ಬಂದದ್ದು. ಅದನ್ನ ಕಂಪನಿಯೇ ಒಪ್ಪಿಕೊಂಡಿರುತ್ತೆ, ಪುಕ್ಕಟೆಯಾಗಿ ಸರಿ ಮಾಡಿಕೊಡ್ತೀವಿ ಅಂತಲೂ ಹೇಳಿರುತ್ತೆ. ಅದಕ್ಕೇ ರೀಕಾಲ್ ಅನ್ನೋದು. ಹಳೇ ಕಾರು ಓಡಿಸುವ ಎಷ್ಟೋ ಜನರಿಗೆ ಈ ಸುದ್ದಿ ತಲುಪುವುದೇ ಇಲ್ಲ. ಕಾರಣ ಸರಳ. ಪತ್ರ, ಫೋನು, ಮೆಸೇಜು ಹೋಗೋದು ಕಂಪನಿಯ ದಾಖಲೆಯಲ್ಲಿರುವ ಮಾಲೀಕರಿಗೆ. ಕಾರು ಇಲ್ಲಿದೆ, ದಾಖಲೆಯ ವಿಳಾಸ ರಾಜಾಜಿನಗರದಲ್ಲೋ ಜಯನಗರದಲ್ಲೋ ಇದೆ.

ಈಕೋ, ಎಸ್-ಪ್ರೆಸ್ಸೋ ಇಟ್ಟುಕೊಂಡವರು ಮೊದಲು ನೋಡಬೇಕು

ದಿನಸಿ ಅಂಗಡಿ, ಬೇಕರಿ, ಹೂವಿನ ವ್ಯಾಪಾರ, ಮಕ್ಕಳನ್ನ ಶಾಲೆಗೆ ಬಿಡೋದು, ಯಾವುದೇ ಕೆಲಸಕ್ಕೂ ತಾಲೂಕಿನಲ್ಲಿ ಮಾರುತಿ ಈಕೋ ಬೇಕು. 2023ರ ಜುಲೈನಲ್ಲಿ ಮಾರುತಿ ಸುಜುಕಿ ಕಂಪನಿ 87,599 ಎಸ್-ಪ್ರೆಸ್ಸೋ ಮತ್ತು ಈಕೋ ಗಾಡಿಗಳನ್ನ ವಾಪಸ್ ಕರೆಸಿ ತಪಾಸಣೆ ಮಾಡುವುದಾಗಿ ಘೋಷಿಸಿತು. 2021ರ ಜುಲೈ 5ರಿಂದ 2023ರ ಫೆಬ್ರವರಿ 15ರವರೆಗೆ ತಯಾರಾದ ಗಾಡಿಗಳು ಇವು. ಸ್ಟೇರಿಂಗ್‌ನ ಟೈ ರಾಡ್‌ನ ಒಂದು ಭಾಗದಲ್ಲಿ ದೋಷ ಇರಬಹುದು, ಅಪರೂಪದ ಸಂದರ್ಭದಲ್ಲಿ ಅದು ಮುರಿದು ಗಾಡಿಯ ನಿಯಂತ್ರಣಕ್ಕೆ ತೊಂದರೆ ಆಗಬಹುದು ಅಂತ ಕಂಪನಿಯೇ ಹೇಳಿತ್ತು.

ಟೈ ರಾಡ್ ಅಂದರೆ ಸ್ಟೇರಿಂಗ್ ತಿರುಗಿಸಿದ್ದನ್ನ ಚಕ್ರಕ್ಕೆ ಮುಟ್ಟಿಸುವ ಕಂಬಿ. ಮುಂದಿನ ಚಕ್ರವನ್ನ ಜಾಕ್ ಮೇಲೆ ಎತ್ತಿ ಅಲ್ಲಾಡಿಸಿದರೆ ಅದರ ತುದಿ ಸವೆದಿದೆಯಾ ಅಂತ ಯಾವ ಮೆಕ್ಯಾನಿಕ್ ಆದರೂ ಹೇಳ್ತಾನೆ. ಸವೆತಕ್ಕೆ ಆಟ ಬರುತ್ತೆ, ಸದ್ದು ಬರುತ್ತೆ. ಭಾಗ ತಯಾರಾಗುವಾಗಲೇ ಬಂದ ದೋಷಕ್ಕೆ ಇಂಥ ಮುನ್ಸೂಚನೆ ಇರಲೇಬೇಕು ಅಂತೇನಿಲ್ಲ. ಹಾಗಾಗಿ "ನಮ್ಮ ಗಾಡಿ ಚೆನ್ನಾಗೇ ಓಡ್ತಿದೆ" ಅನ್ನೋದು ಇಲ್ಲಿ ಉತ್ತರ ಅಲ್ಲ. ಹತ್ತು ಮೂಟೆ ಹೇರಿಕೊಂಡು ಅರಸೀಕೆರೆ ರಸ್ತೆಯಲ್ಲಿ ಹೋಗುವ ಈಕೋಗೆ ಇದು ಸಣ್ಣ ವಿಷಯವೂ ಅಲ್ಲ. ಪಟ್ಟಿಯಲ್ಲಿರುವ ಎಲ್ಲ ಗಾಡಿಯಲ್ಲೂ ದೋಷ ಇದೆ ಅಂತ ಅರ್ಥ ಅಲ್ಲ. ತಪಾಸಣೆ ಮಾಡಿ, ಬೇಕಿದ್ದರೆ ಭಾಗ ಬದಲಾಯಿಸುತ್ತಾರೆ. ಎರಡಕ್ಕೂ ದುಡ್ಡಿಲ್ಲ.

ರಸ್ತೆ ಮಧ್ಯೆ ಕಾರು ನಿಂತರೆ ಬೈಗುಳ ಪೆಟ್ರೋಲ್‌ಗೆ

ಈಗ ಹಳೇ ಪೆಟ್ರೋಲ್ ಕಾರು ಯಾವುದು ಕೆಟ್ಟು ನಿಂತರೂ ಆಪಾದನೆ ಒಂದೇ: ಎಥೆನಾಲ್. ಇ20 ಪೆಟ್ರೋಲ್ ಬಗ್ಗೆ ಜನರಿಗೆ ಇರುವ ಸಿಟ್ಟು ಸುಳ್ಳೇನಲ್ಲ. 2023ರ ಏಪ್ರಿಲ್‌ಗಿಂತ ಹಿಂದಿನ ಬಹಳಷ್ಟು ಕಾರುಗಳು ಶೇ. 20 ಎಥೆನಾಲ್‌ಗೆ ಅಂತ ತಯಾರಾದವಲ್ಲ. 2025ರ ಆಗಸ್ಟ್‌ನಲ್ಲಿ ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ ಕೊಟ್ಟ ಹೇಳಿಕೆ ಪ್ರಕಾರ ಇಂಥ ಕಾರುಗಳಲ್ಲಿ ಮೈಲೇಜು ಶೇ. 3ರಿಂದ 6ರಷ್ಟು ಕಡಿಮೆಯಾಗಬಹುದು. ಕೆಲವು ಹಳೇ ಗಾಡಿಗಳಲ್ಲಿ 20ರಿಂದ 30 ಸಾವಿರ ಕಿ.ಮೀ. ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು, ಅದೇನೂ ದುಬಾರಿಯಲ್ಲ ಅಂತಲೂ ಅದರಲ್ಲಿತ್ತು. ದುಬಾರಿಯೋ ಅಲ್ಲವೋ ಅನ್ನೋದು ಕಾರಿನವನ ಜೇಬಿಗೆ ಗೊತ್ತು, ಅದು ಬೇರೆ ಮಾತು. ಪೆಟ್ರೋಲ್ ಪೈಪ್ ಬಿರಿದಿದೆಯಾ, ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬರುತ್ತಾ ಅಂತ ನೋಡಿಕೊಳ್ಳೋದು ಒಳ್ಳೇದೇ.

ಆದರೆ ಎಲ್ಲವನ್ನೂ ಎಥೆನಾಲ್ ತಲೆಗೆ ಕಟ್ಟಿದರೆ ಅಸಲಿ ಕಾರಣ ತಪ್ಪಿಹೋಗುತ್ತೆ. 2020ರ ಜುಲೈನಲ್ಲಿ ಮಾರುತಿ 56,663 ವ್ಯಾಗನ್‌ಆರ್ ಮತ್ತು 78,222 ಬಲೆನೊ ಪೆಟ್ರೋಲ್ ಕಾರುಗಳನ್ನ ಫ್ಯೂಯೆಲ್ ಪಂಪ್ ದೋಷಕ್ಕೆ ವಾಪಸ್ ಕರೆಯಿತು. ವ್ಯಾಗನ್‌ಆರ್ ಅಂದರೆ 1 ಲೀಟರ್ ಇಂಜಿನ್ನಿನದು, 2018ರ ನವೆಂಬರ್ 15ರಿಂದ 2019ರ ಅಕ್ಟೋಬರ್ 15ರ ನಡುವೆ ತಯಾರಾದದ್ದು. ಬಲೆನೊ 2019ರ ಜನವರಿ 8ರಿಂದ ನವೆಂಬರ್ 4ರವರೆಗಿನದು. ಹೋಂಡಾ ಕಥೆಯೂ ಇದೇ. 2018ರಲ್ಲಿ ತಯಾರಾದ 65,651 ಕಾರುಗಳನ್ನ 2020ರ ಜೂನ್‌ನಲ್ಲಿ ಪಂಪ್ ಬದಲಾಯಿಸಲು ಕರೆದರು. ಅಮೇಜ್, ಸಿಟಿ, ಜಾಝ್, ಬ್ರಿಯೊ, ಡಬ್ಲ್ಯುಆರ್-ವಿ ಎಲ್ಲವೂ ಅದರಲ್ಲಿದ್ದವು. ಪಂಪಿನೊಳಗೆ ತಿರುಗುವ ಇಂಪೆಲ್ಲರ್ ಅನ್ನೋ ಸಣ್ಣ ಬಿಲ್ಲೆಯಲ್ಲಿ ದೋಷ. ಅದು ಕೈಕೊಟ್ಟರೆ ಓಡ್ತಿರೋ ಇಂಜಿನ್ ನಿಲ್ಲುತ್ತೆ, ಅಥವಾ ಬೆಳಗ್ಗೆ ಸ್ಟಾರ್ಟೇ ಆಗಲ್ಲ. 2024ರ ಕೊನೆಗೆ ಹೋಂಡಾ ಇದೇ ಪಂಪಿಗಾಗಿ ಇನ್ನೂ 90,468 ಕಾರು ಕರೆಯಿತು. ಇವು ಹೆಚ್ಚಾಗಿ 2017ರ ಆಗಸ್ಟ್‌ನಿಂದ 2018ರ ಜೂನ್ ನಡುವಿನವು.

ಲಕ್ಷಣ ನೋಡಿ: ಓಡುವಾಗ ಇಂಜಿನ್ ಆಫ್, ಸ್ಟಾರ್ಟಿಂಗ್ ಟ್ರಬಲ್. ಇದನ್ನೇ ಜನ ಕಲಬೆರಕೆ ಪೆಟ್ರೋಲ್ ಅಂತಲೋ, ಎಥೆನಾಲ್ ಅಂತಲೋ ತಿಳ್ಕೊಂಡು ಇಂಜೆಕ್ಟರ್ ಕ್ಲೀನ್ ಮಾಡಿಸ್ತಾರೆ, ಪ್ಲಗ್ ಬದಲಾಯಿಸ್ತಾರೆ, ಟ್ಯಾಂಕ್ ಇಳಿಸಿ ತೊಳೆಸ್ತಾರೆ. ಸಾವಿರಾರು ರೂಪಾಯಿ ಖರ್ಚಾದ ಮೇಲೆ ಪಂಪಿನ ಸರದಿ ಬರುತ್ತೆ, ಅದೂ ಸ್ವಂತ ದುಡ್ಡಲ್ಲಿ. ಅದೇ ಕಾರಿಗೆ ಅದೇ ಪಂಪು ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಪುಕ್ಕಟೆ ಸಿಗೋದಿತ್ತು ಅನ್ನೋದು ಗೊತ್ತೇ ಇರಲ್ಲ. ಇದರಲ್ಲಿ ಮೆಕ್ಯಾನಿಕ್ ತಪ್ಪು ಹುಡುಕೋದು ನ್ಯಾಯ ಅಲ್ಲ. ರೀಕಾಲ್ ಮಾಹಿತಿ ಊರಿನ ಗ್ಯಾರೇಜಿಗೆ ಬರುವ ದಾರಿಯೇ ಇಲ್ಲ.

ಇನ್ನೂ ಎರಡು ತೊಡಕು ಇವೆ. ಒಂದು, ಸ್ಪೇರ್ ಪಾರ್ಟ್ ಆಗಿ ಮಾರಾಟವಾದ ಪಂಪುಗಳು. 2017ರ ಜೂನ್‌ನಿಂದ 2023ರ ಅಕ್ಟೋಬರ್‌ವರೆಗೆ ಕೌಂಟರ್‌ನಲ್ಲಿ ಈ ಪಂಪು ಕೊಂಡವರೂ ತೋರಿಸಿಕೊಳ್ಳಿ ಅಂತ ಹೋಂಡಾ 2024ರಲ್ಲಿ ಹೇಳಿತು. ಅಂದರೆ ಕಾರಿನ ತಯಾರಿಕೆ ವರ್ಷ ಪಟ್ಟಿಗೆ ಹೊಂದದೇ ಇದ್ದರೂ, ಹಿಂದಿನ ಮಾಲೀಕ ಯಾವಾಗಲೋ ಹಾಕಿಸಿದ "ಕಂಪನಿ ಒರಿಜಿನಲ್" ಪಂಪೇ ದೋಷದ್ದು ಆಗಿರಬಹುದು. ಹಳೇ ಸರ್ವಿಸ್ ಬಿಲ್ ಇಸ್ಕೊಳ್ಳದೆ ಬಂದವರಿಗೆ ಇದು ಗೊತ್ತಾಗೋದು ಕಷ್ಟ. ಎರಡನೇದು, ಒಂದು ಸಲ ನೋಡಿ ಬಿಟ್ಟರೆ ಮುಗೀಲಿಲ್ಲ. 2024ರ ಮಾರ್ಚ್‌ನಲ್ಲಿ ಮಾರುತಿ ಮತ್ತೆ 11,851 ಬಲೆನೊ, 4,190 ವ್ಯಾಗನ್‌ಆರ್‌ಗಳನ್ನ ಫ್ಯೂಯೆಲ್ ಪಂಪಿನ ಮೋಟಾರ್ ಭಾಗಕ್ಕಾಗಿ ಕರೆಯಿತು. ಅವು ತಯಾರಾದದ್ದು 2019ರ ಜುಲೈ 30ರಿಂದ ನವೆಂಬರ್ 1ರ ನಡುವೆ. ಈ ಅವಧಿಯ ಬಹುಭಾಗ 2020ರ ಪಟ್ಟಿಯ ಅವಧಿಯೊಳಗೇ ಬರುತ್ತೆ! "ಆ ರೀಕಾಲ್ ಆಗಲೇ ಆಗಿದೆ" ಅಂತ ಮಾರುವವನು ಪ್ರಾಮಾಣಿಕವಾಗಿ ಹೇಳಿದರೂ ಅದು ಯಾವ ರೀಕಾಲ್ ಅಂತ ಕೇಳಬೇಕಾಗುತ್ತೆ.

ಜೀವ ಉಳಿಸುವ ಚೀಲವೇ ಜೀವ ತೆಗೆದಾಗ

ಹತ್ತು ಹನ್ನೆರಡು ವರ್ಷದ ಹೋಂಡಾ ಸಿಟಿ ಈಗ ಒಂದು ಒಳ್ಳೇ ಬೈಕಿಗೆ ಇನ್ನಷ್ಟು ಸೇರಿಸಿದರೆ ಬರೋ ರೇಟಿಗೆ ಸಿಗುತ್ತೆ. ಮದುವೆಯಾಗೋ ಹುಡುಗರಿಗೆ ಅದರ ಮೇಲೆ ಕಣ್ಣು. ಜಪಾನಿನ ಟಕಾಟ ಕಂಪನಿ ಜಗತ್ತಿನ ಹಲವು ಕಾರು ಕಂಪನಿಗಳಿಗೆ ಏರ್‌ಬ್ಯಾಗ್ ಕೊಡುತ್ತಿತ್ತು. ಏರ್‌ಬ್ಯಾಗ್ ಉಬ್ಬಿಸಲು ಅದು ಬಳಸಿದ್ದು ಅಮೋನಿಯಂ ನೈಟ್ರೇಟ್. ವರ್ಷಗಟ್ಟಲೆ ಬಿಸಿಲು, ತೇವಾಂಶ ತಿಂದ ಮೇಲೆ ಈ ರಾಸಾಯನಿಕ ಹದಗೆಟ್ಟು, ಡಿಕ್ಕಿಯಾದಾಗ ಬೇಕಾದ್ದಕ್ಕಿಂತ ಜೋರಾಗಿ ಸಿಡಿದು, ಅದನ್ನ ತುಂಬಿದ ಲೋಹದ ಡಬ್ಬಿಯೇ ಚೂರಾಗಿ ಮುಖ, ಕತ್ತಿಗೆ ಹಾರುತ್ತೆ. ಅಮೆರಿಕ ಒಂದರಲ್ಲೇ 20ಕ್ಕೂ ಹೆಚ್ಚು ಜನ ಸತ್ತರು. 2017ರಲ್ಲಿ ಟಕಾಟ ದಿವಾಳಿ ಎದ್ದಿತು.

ಭಾರತದಲ್ಲಿ ಹೋಂಡಾ 2017ರ ಜನವರಿಯಲ್ಲಿ, 2012ರಲ್ಲಿ ತಯಾರಾದ ಸಿಟಿ, ಜಾಝ್, ಸಿವಿಕ್, ಅಕಾರ್ಡ್ ಸೇರಿ 41,580 ಕಾರುಗಳನ್ನ ಇದೇ ಏರ್‌ಬ್ಯಾಗಿಗೆ ಕರೆಯಿತು. ಮರುವರ್ಷ 2013ರ ತಯಾರಿಕೆಯ 22,834 ಕಾರು. ಅದಕ್ಕೂ ಹಿಂದಿನವನ್ನ ಮೊದಲೇ ಕರೆದಿತ್ತು. ಅಷ್ಟು ವರ್ಷದಲ್ಲಿ ಕಾರು ಮೂರು ಕೈ ದಾಟಿರುತ್ತೆ. ಮೊದಲ ಮಾಲೀಕ ಸರಿ ಮಾಡಿಸಿದ್ದರೆ ಸರಿ. ಮಾಡಿಸದೇ ಮಾರಿದ್ದರೆ ಆ ಡಬ್ಬಿ ಡ್ಯಾಶ್‌ಬೋರ್ಡ್ ಒಳಗೆ ಹಾಗೇ ಕೂತಿದೆ, ವರ್ಷಕ್ಕೊಂದು ವಯಸ್ಸು ಏರಿಸಿಕೊಳ್ಳುತ್ತಾ. ತೇವಾಂಶ ಜಾಸ್ತಿ ಇರೋ ಕಡೆ ಅಪಾಯವೂ ಜಾಸ್ತಿ ಆದ್ದರಿಂದ ಕೆಎ 19, ಕೆಎ 20 ಬೋರ್ಡಿನ, ಅಂದರೆ ಮಂಗಳೂರು, ಉಡುಪಿ ಕಡೆಯ ಹಳೇ ಹೋಂಡಾ ಕೊಂಡವರು ತುಕ್ಕು ನೋಡುವ ಮೊದಲು ಇದನ್ನ ನೋಡಬೇಕು.

ಏರ್‌ಬ್ಯಾಗ್ ವಿಷಯ ಬಂದ ಮೇಲೆ ಇನ್ನೊಂದು ಮಾತು. ಒಮ್ಮೆ ಡಿಕ್ಕಿಯಾಗಿ ಏರ್‌ಬ್ಯಾಗ್ ತೆರೆದ ಕಾರಿಗೆ ಹೊಸದು ಹಾಕಿಸೋದು ದುಬಾರಿ ಅಂತ ಖಾಲಿ ಮುಚ್ಚಳ ಕೂರಿಸಿ ಮಾರೋರಿದ್ದಾರೆ. ಕೀ ಆನ್ ಮಾಡಿದಾಗ ಮೀಟರ್‌ನಲ್ಲಿ ಏರ್‌ಬ್ಯಾಗ್ ದೀಪ ಹತ್ತಿ ಕೆಲವು ಸೆಕೆಂಡ್‌ಗೆ ಆರಬೇಕು. ಆರದಿದ್ದರೆ ದೋಷ. ಹತ್ತಲೇ ಇಲ್ಲ ಅಂದರೆ ಅನುಮಾನ ಇನ್ನೂ ಜಾಸ್ತಿ. ಇನ್ನು ಕೆಲವು ಕಾರಿನಲ್ಲಿ ಏರ್‌ಬ್ಯಾಗೇ ಇರಲ್ಲ. ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಬ್ರೇಕ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ, ಡ್ರೈವರ್ ಏರ್‌ಬ್ಯಾಗ್ 2019ರ ಜುಲೈನಿಂದ. ಪಕ್ಕದ ಸೀಟಿಗೂ ಏರ್‌ಬ್ಯಾಗ್ ಎಲ್ಲ ಮಾಡೆಲ್‌ಗಳಿಗೆ ಕಡ್ಡಾಯವಾದದ್ದು 2021ರ ಕೊನೆಗೆ. 2018ರ ಬೇಸ್ ಮಾಡೆಲ್ ಮತ್ತು 2020ರ ಅದೇ ಮಾಡೆಲ್ ನಡುವೆ ಮೂವತ್ತು ನಲವತ್ತು ಸಾವಿರ ಉಳಿಸಲು ಹೋಗುವವರು ಏನು ಬಿಟ್ಟುಕೊಡ್ತಿದ್ದಾರೆ ಅಂತ ಲೆಕ್ಕ ಹಾಕಲಿ.

ಕಾನೂನು ಇದೆ, ಹಳೇ ಕಾರಿಗೆ ಅರ್ಧ ದಾರಿ

2012ರಿಂದ ಕಾರು ಕಂಪನಿಗಳ ಸಂಘ ಸಿಯಾಮ್ ಮಾಡಿಕೊಂಡ ಸ್ವಯಂಪ್ರೇರಿತ ಸಂಹಿತೆ ಪ್ರಕಾರ ರೀಕಾಲ್ ನಡೀತಿತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ 110ಎ ಕಲಂ ಸರ್ಕಾರಕ್ಕೇ ಕಡ್ಡಾಯವಾಗಿ ರೀಕಾಲ್ ಮಾಡಿಸುವ ಅಧಿಕಾರ ಕೊಟ್ಟಿತು. ನಿಯಮ ಜಾರಿಗೆ ಬಂದದ್ದು 2021ರ ಏಪ್ರಿಲ್ 1ರಿಂದ. ಕಂಪನಿ ತಪ್ಪಿದರೆ ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ಆದರೆ ಈ ಕಡ್ಡಾಯ ರೀಕಾಲ್ 7 ವರ್ಷಕ್ಕಿಂತ ಕಡಿಮೆ ವಯಸ್ಸಿನ ವಾಹನಗಳಿಗೆ ಮಾತ್ರ. ತಾಲೂಕಿಗೆ ಬರುವ ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಎಷ್ಟಕ್ಕೆ ಏಳು ದಾಟಿಲ್ಲ? ಹೊಸ ಕಾರಿನವನಿಗೆ ಕಾನೂನಿನ ರಕ್ಷಣೆ, ಹಳೇ ಕಾರಿನವನಿಗೆ ಕಂಪನಿಯ ದೊಡ್ಡಮನಸ್ಸು ಅನ್ನೋ ಹಾಗಾಗಿದೆ ಇದು. ಕಂಪನಿಗಳು ತಾವಾಗೇ ಘೋಷಿಸಿದ ರೀಕಾಲ್‌ಗಳು ಇದಕ್ಕಿಂತ ಹಳೇ ಕಾರುಗಳಿಗೂ ಆಗಿವೆ, ಟಕಾಟ ವಿಷಯದಲ್ಲಿ ಆದದ್ದೇ ಹಾಗೆ. ಇನ್ನೊಂದು ಸಮಾಧಾನ ಅಂದರೆ ರೀಕಾಲ್ ಕಾರಿಗೆ ಸೇರಿದ್ದು, ಮೊದಲ ಮಾಲೀಕನಿಗಲ್ಲ. ವಾರಂಟಿ ಮುಗಿದಿದೆ ಅನ್ನೋ ಮಾತು ಅದಕ್ಕೆ ಅಡ್ಡ ಬರಲ್ಲ.

ಎಲ್ಲದರ ಬುಡಕ್ಕೆ ಬಂದರೆ ಸಿಗೋದು ಆರ್‌ಸಿ. ನಮ್ಮ ಕಡೆ ಕಾರು ಕೊಂಡು ಆರು ತಿಂಗಳಾದರೂ ಹೆಸರು ಬದಲಾಯಿಸದೇ ಓಡಿಸೋದು ಮಾಮೂಲು. ಸಹಿ ಹಾಕಿದ ಫಾರಂ 29, 30 ಡ್ಯಾಶ್‌ಬೋರ್ಡ್‌ನಲ್ಲಿ ಇರುತ್ತೆ, ದಿನಾಂಕ ಖಾಲಿ. "ಇನ್ನೊಬ್ಬರಿಗೆ ಮಾರಿದ್ರೆ ನೇರ ಅವರ ಹೆಸರಿಗೇ ಮಾಡಿಸಿದ್ರಾಯ್ತು" ಅನ್ನೋ ಲೆಕ್ಕ. ಕಾಯ್ದೆಯ 50ನೇ ಕಲಂ ಪ್ರಕಾರ ರಾಜ್ಯದೊಳಗಿನ ಮಾರಾಟ ಆದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕು. 2023ರ ಏಪ್ರಿಲ್ 1ರಿಂದ ಹಳೇ ವಾಹನ ಮಾರುವ ಡೀಲರ್‌ಗಳೂ ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆಯಬೇಕು. ಕಾರು ಅವರ ಕೈಗೆ ಬಂದದ್ದನ್ನ ಆನ್‌ಲೈನ್‌ನಲ್ಲಿ ದಾಖಲಿಸಬೇಕು, ಅಲ್ಲಿಂದ ಮುಂದೆ ಜವಾಬ್ದಾರಿ ಅವರದು. ಟೀ ಅಂಗಡಿ ಮುಂದೆ ನಿಂತು ಕಾರು ಮಾರುವ ಬ್ರೋಕರ್‌ಗೆ ಇದ್ಯಾವುದೂ ಅಂಟಲ್ಲ.

ಹೆಸರು ಬದಲಾಗದ ನಷ್ಟ ಕೊಂಡವರಿಗೆ ಮಾತ್ರ ಅಲ್ಲ. ಅಂಗಡಿಯ ಹಳೇ ಓಮ್ನಿಯನ್ನೋ ಈಕೋವನ್ನೋ ಮಾರಿ ದುಡ್ಡು ಎಣಿಸಿಕೊಂಡು ಮರೆತವರು ಗಮನಿಸಬೇಕಾದ್ದು ಇದು: ಹಲವು ಕೈ ಬದಲಾದರೂ ಆರ್‌ಸಿ ಬದಲಾಗದ ಕಾರಿನ ಅಪಘಾತ ಪ್ರಕರಣವೊಂದರಲ್ಲಿ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಅಂತ ತೀರ್ಪು ಕೊಟ್ಟಿದೆ. ಮಾರಿದ ಈಕೋದ ಟೈ ರಾಡ್ ಮುರಿದು ಯಾರಿಗಾದರೂ ಗುದ್ದಿದರೆ ನೋಟಿಸ್ ಬರೋದು ಹಳೇ ಅಂಗಡಿಗೆ. ಕೊಂಡವರ ಕಡೆ ನೋಡಿದರೆ, ಆರ್‌ಸಿ ಒಬ್ಬರ ಹೆಸರು, ಇನ್ಶೂರೆನ್ಸ್ ಇನ್ನೊಬ್ಬರ ಹೆಸರು ಇದ್ದಾಗ ಸ್ವಂತ ಗಾಡಿಯ ಡ್ಯಾಮೇಜ್ ಕ್ಲೇಮಿಗೆ ಹೋದರೆ ತಕರಾರು ಖಂಡಿತ.

ಇಷ್ಟಕ್ಕೆಲ್ಲ ಬೇಕಾದ ಕೆಲಸ ಐದು ನಿಮಿಷದ್ದು. ಆರ್‌ಸಿಯಲ್ಲಿ ಚಾಸಿ ನಂಬರ್ ಅಂತ 17 ಅಕ್ಷರ, ಅಂಕಿ ಇರುತ್ತೆ. ಮಾರುತಿ ಆದರೆ ಸಾಮಾನ್ಯವಾಗಿ ಎಂಎ3 ಅಂತ ಶುರುವಾಗುತ್ತೆ. ಅದನ್ನ ಕಂಪನಿಯ ವೆಬ್‌ಸೈಟಿನ ರೀಕಾಲ್ ಪುಟದಲ್ಲಿ ಹಾಕಿದರೆ ಬಾಕಿ ಇದೆಯಾ ಇಲ್ಲವಾ ಅಂತ ಬರುತ್ತೆ. ಮೊಬೈಲ್‌ನಲ್ಲಿ ಆಗದಿದ್ದರೆ ಆರ್‌ಸಿ ಹಿಡ್ಕೊಂಡು ಆ ಕಂಪನಿಯ ಯಾವುದೇ ಅಧಿಕೃತ ಸರ್ವಿಸ್ ಸೆಂಟರ್‌ನ ಕೌಂಟರ್‌ನಲ್ಲಿ "ಇದಕ್ಕೆ ರೀಕಾಲ್ ಪೆಂಡಿಂಗ್ ಇದೆಯಾ ನೋಡಿ" ಅಂತ ಕೇಳಿದರೂ ಆಯ್ತು. ರೀಕಾಲ್ ಲೆಕ್ಕಕ್ಕೆ ಬರೋದು ಕಾರು ತಯಾರಾದ ತಿಂಗಳು, ರಿಜಿಸ್ಟ್ರೇಷನ್ ಆದ ತಿಂಗಳಲ್ಲ. ಎರಡರ ನಡುವೆ ತಿಂಗಳುಗಟ್ಟಲೆ ಅಂತರ ಇರಬಹುದು. ಎಲ್ಲ ಕಂಪನಿಯ ಸರ್ವಿಸ್ ಸೆಂಟರ್ ತಾಲೂಕಿನಲ್ಲಿ ಇಲ್ಲ, ಕೆಲವಕ್ಕೆ ತುಮಕೂರಿಗೆ ಸುಮಾರು 70 ಕಿ.ಮೀ. ಹೋಗಬೇಕು, ಅಂಗಡಿ ಒಂದು ದಿನ ಮುಚ್ಚಬೇಕು ಅನ್ನೋದು ನಿಜವಾದ ತೊಂದರೆಯೇ. ಮೊದಲೇ ಫೋನ್ ಮಾಡಿ, ಭಾಗ ಸ್ಟಾಕ್ ಇದೆಯಾ ಅಂತ ಖಚಿತ ಮಾಡಿಕೊಂಡು ಹೋದರೆ ಎರಡು ಸಲ ಅಲೆಯೋದು ತಪ್ಪುತ್ತೆ. ಕೆಲಸ ಆದ ಮೇಲೆ ಜಾಬ್ ಕಾರ್ಡ್ ಇಸ್ಕೊಂಡು ಇಟ್ಟುಕೊಳ್ಳಬೇಕು, ಮುಂದೆ ಕಾರು ಮಾರುವಾಗ ಅದು ಕೆಲಸಕ್ಕೆ ಬರುತ್ತೆ.

ಹಾಗೇ ಸರ್ವಿಸ್ ಸೆಂಟರ್‌ನಲ್ಲಿ ಈಗಿನ ಹೆಸರು, ವಿಳಾಸ, ಮೊಬೈಲ್ ನಂಬರ್ ಬರೆಸಿ ಬಂದರೆ ಮುಂದಿನ ರೀಕಾಲ್ ಮೆಸೇಜ್ ನೇರ ಇಲ್ಲಿಗೇ ಬರುತ್ತೆ. ಆರ್‌ಟಿಓ ದಾಖಲೆಯಲ್ಲಿ ಬ್ರೋಕರ್ ನಂಬರೇ ಉಳಿದಿರೋ ಕಾರುಗಳೂ ಇವೆ. ಅಂಥವರಿಗೆ ಕ್ಯಾಮೆರಾ ದಂಡದ ಮೆಸೇಜೂ ಬರಲ್ಲ, ಇನ್ಶೂರೆನ್ಸ್ ಮುಗಿದದ್ದೂ ಗೊತ್ತಾಗಲ್ಲ. ಪರಿವಾಹನ್ ವೆಬ್‌ಸೈಟಿನಲ್ಲಿ ಮೊಬೈಲ್ ನಂಬರ್ ಬದಲಾಯಿಸಲು ಅವಕಾಶ ಇದೆ. ಅದಕ್ಕೂ ಕೇಳೋದು ಅದೇ ಚಾಸಿ ನಂಬರ್.